ಮಾವನ ಹೊಟ್ಟೆಗೂ ಒಂದಿಷ್ಟು ಹೊಟ್ಟು

ಆ ಮನೆಯಲ್ಲಿ ಐದು ಜನ, ಪಾಯಿಖಾನೆ ಒಂದೇ. ಬೆಳಗಾಯಿತೆಂದರೆ ಅದರ ಬಾಗಿಲ ಮುಂದೆ ಸಾಲು. ಸಾಲಿಗೆ ಕಾರಣ ಒಬ್ಬರೇ, ಒಳಗೆ ಕೂತವರು.

“ಅಪ್ಪಾ, ಬಸ್ಸು ಹೋಗುತ್ತೆ!” ಮಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲು ಬಡಿದ.

“ಬಂದೆ ಕಣೋ!”

“ಆಗಲೂ ಹೀಗೇ ಅಂದ್ರಿ.”

“ಆಗಲೂ ಬರ್ತಾನೇ ಇದ್ದೆ.”

“ತಾತಾ, ನಂಗೆ ಅರ್ಜೆಂಟು!” ಮೊಮ್ಮಗಳು ಒಂಟಿಕಾಲಲ್ಲಿ ಕುಣಿಯುತ್ತಿದ್ದಳು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ಒಳಗೇನು ತಪಸ್ಸಾ ರೀ? ದೇವರು ಪ್ರತ್ಯಕ್ಷ ಆದ್ರೆ ಇನ್ನೊಂದು ಪಾಯಿಖಾನೆ ವರ ಕೇಳಿ.”

ಕೊನೆಗೂ ಬಾಗಿಲು ತೆರೆಯಿತು. ಹಣೆಯ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದವರು ಲಗಾಮು ಮಾವ. ಊರಾಚೆಯ ಕುದುರೆ ಸವಾರಿ ಶಾಲೆಯಲ್ಲಿ ಲಾಯ ನೋಡಿಕೊಳ್ಳುವುದು ಅವರ ಕೆಲಸ. ಹೊಲಿಗೆ ಬಿಟ್ಟುಹೋದ ಲಗಾಮನ್ನು ದುರಸ್ತಿಗೆಂದು ಹೆಗಲಿಗೆ ಹಾಕಿಕೊಂಡೇ ಮನೆಗೆ ಬರುತ್ತಿದ್ದರಿಂದ ಬೀದಿಯವರೆಲ್ಲ ಅವರನ್ನು ಲಗಾಮು ಮಾವ ಎಂದೇ ಕರೆಯುತ್ತಿದ್ದರು.

ಒಳಗೆ ಅಷ್ಟು ಹೊತ್ತು ಕೂತರೂ ಆಗಬೇಕಾದದ್ದು ಆಗಿರಲಿಲ್ಲ. ಆದರೆ ಅದನ್ನು ಯಾರ ಹತ್ತಿರ ಹೇಳುವುದು? ಹೆಂಡತಿಗೆ ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಮಗನಿಗೆ ಹೇಳಲು ಮುಜುಗರ. ಸೊಸೆಗಂತೂ ಹೇಳುವ ಮಾತೇ ಅಲ್ಲ.

ಆ ಸೊಸೆಯೇ ಇಂಥದ್ದನ್ನು ಚೆನ್ನಾಗಿ ಬಲ್ಲವಳು. ಪೇಟೆಯ ಆಸ್ಪತ್ರೆಯ ಅಡುಗೆಮನೆ ಅವಳ ಉಸ್ತುವಾರಿಯಲ್ಲಿತ್ತು. ಯಾವ ರೋಗಿಗೆ ಯಾವ ಊಟ ಎಂದು ಡಾಕ್ಟರ ಜೊತೆ ಕೂತು ಗೊತ್ತುಮಾಡುವವಳು. ಮಾವ ದಿನಾ ಬೆಳಿಗ್ಗೆ ಬೆವರಿಕೊಂಡು ಹೊರಬರುವುದನ್ನು ಕಂಡವಳೇ ವಿಷಯ ಏನೆಂದು ಊಹಿಸಿದ್ದಳು. ಅಂದು ಅವರ ಮುಂದೆ ಬಿಸಿ ಬಿಸಿ ಬಟ್ಟಲೊಂದನ್ನು ತಂದಿಟ್ಟಳು.

ಮಾವ ಬಗ್ಗಿ ಮೂಸಿದರು. “ಇದು ಓಟ್ಸ್ ಅಲ್ವೇನಮ್ಮ?”

“ಹೌದು ಮಾವ. ಹಾಲಲ್ಲಿ ಬೇಯಿಸಿದ್ದೀನಿ.”

“ನಮ್ಮ ಲಾಯದ ಕುದುರೆ ಗುಡುಗು ತಿನ್ನೋದು ಇದನ್ನೇ.”

“ಅದೇ ಧಾನ್ಯ. ಮನುಷ್ಯರಿಗೆ ಅಂತ ಸಿಪ್ಪೆ ತೆಗೆದು ಅವಲಕ್ಕಿ ಥರ ಒತ್ತಿರ್ತಾರೆ.”

“ಅಂತೂ ಮಾವನ್ನ ಕುದುರೆ ಮಾಡಿಬಿಟ್ಟೆ!”

“ಕುದುರೆ ಆಗೋದೇ ವಾಸಿ,” ಎಂದರು ಹೆಂಡತಿ. “ಅದು ಬಾಗಿಲು ಹಾಕ್ಕೊಂಡು ಕೂರಲ್ಲ.”

ಸೊಸೆ ನಗು ತಡೆದುಕೊಂಡಳು. “ಹಾಗಲ್ಲ ಮಾವ, ಇದರಲ್ಲಿ ನಾರಿನಂಶ ಇದೆ. ಹೊಟ್ಟೆಗೆ...”

“ತಿಂಡಿ ಹೊತ್ತಲ್ಲಿ ತೌಡು ಕುಟ್ಟಬೇಡಮ್ಮ.”

“ಕುಟ್ಟೋದು ಬೇಡ ಮಾವ. ತಿಂದ್ರೆ ಸಾಕು.”

ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಮಾವನೂ ನಕ್ಕರು, ಆದರೆ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅವರಿಗೆ ಹೆಂಡತಿಯ ರೊಟ್ಟಿಯೇ ಆಗಬೇಕು. ಆಕೆಯೋ ಗೋಧಿ ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿಯುವವರು. ರೊಟ್ಟಿ ಬೆಣ್ಣೆಯಷ್ಟು ಬೆಳ್ಳಗೆ, ಹತ್ತಿಯಷ್ಟು ಮೆತ್ತಗೆ ಇರಬೇಕೆಂಬುದು ಆಕೆಯ ಹಟ. ಜರಡಿಯಲ್ಲಿ ಉಳಿದ ಹೊಟ್ಟನ್ನು ಒಂದು ಚೀಲದಲ್ಲಿ ಕೂಡಿಸಿಡುತ್ತಿದ್ದರು. ಮಾವ ಅದನ್ನು ಲಾಯಕ್ಕೆ ಒಯ್ದು ಗುಡುಗಿನ ಬಕೆಟ್ಟಿಗೆ ಸುರಿಯುತ್ತಿದ್ದರು. ಮನೆಗೆ ತಂದ ಗೋಧಿಯ ಒಳ್ಳೆಯ ಪಾಲು ಹೀಗೆ ಕುದುರೆಯ ಹೊಟ್ಟೆ ಸೇರುತ್ತಿತ್ತು. ಮಾವ ಸಿಹಿ ಚಹಾದಲ್ಲಿ ಅದ್ದಿದ ಬಿಳಿ ರೊಟ್ಟಿ ತಿಂದು, ದಾರಿಯಲ್ಲಿ ಇನ್ನೊಂದು ಚಹಾ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು.

ಗುಡುಗು ಲಾಯದ ಹಿರಿಯ ಹೆಣ್ಣು ಕುದುರೆ. ಹೆಸರೇನೋ ಗುಡುಗು, ಸ್ವಭಾವ ಮಾತ್ರ ತಣ್ಣನೆಯದು. ಸವಾರಿ ಕಲಿಯಲು ಬರುವ ಮಕ್ಕಳು ಬಾಲದ ಕೂದಲು ಎಳೆದರೂ ಕತ್ತು ತಿರುಗಿಸಿ ನೋಡುತ್ತಿತ್ತಷ್ಟೆ. ಮಕ್ಕಳ ಸಾಲಿನ ಮುಂದೆ ಅದರ ಮೇಲೆ ಕೂತು ಹೋಗುವುದು ಮಾವನ ಪಾಲಿಗೆ ಬಂದ ಗೌರವ. ಆದರೆ ಇತ್ತೀಚೆಗೆ ಅವರು ಏರುತ್ತಿರಲಿಲ್ಲ. ಲಗಾಮು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದರು. “ಮೊಣಕಾಲು ನೋವು,” ಎಂದು ಹೇಳುತ್ತಿದ್ದರು. ಮೊಣಕಾಲು ಗುಂಡುಕಲ್ಲಿನಂತಿತ್ತು. ನೋವಿದ್ದದ್ದು ಬೇರೆ ಕಡೆ. ದಿನಾ ತಿಣುಕಿ ತಿಣುಕಿ, ಜೀನಿನ ಮೇಲೆ ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು.

ಹೀಗಿರುವಾಗ ಶಾಲೆಯ ಒಡತಿ ಕರೆದು, “ಮಾವ, ಚಳಿ ಕಡಿಮೆಯಾದ ಮೇಲೆ ಮಕ್ಕಳ ಸವಾರಿ ಇಟ್ಟಿದ್ದೀವಿ. ಅಪ್ಪ ಅಮ್ಮಂದಿರೆಲ್ಲ ಬರ್ತಾರೆ. ನಿಮ್ಮ ಮೊಮ್ಮಗಳೂ ಗಿಡ್ಡ ಕುದುರೆ ಮೇಲೆ ಬರಲಿ. ಮುಂದೆ ಗುಡುಗಿನ ಮೇಲೆ ನೀವಿರಬೇಕು,” ಎಂದರು.

ಮಾವನಿಗೆ ಎದೆ ಉಬ್ಬಿತು. ಮರುಗಳಿಗೆಯೇ ಜೀನು ನೆನಪಾಗಿ ಮುಖ ಸಣ್ಣದಾಯಿತು. ಮೊಮ್ಮಗಳ ಮೊದಲ ಸವಾರಿಯ ದಿನ ತಾತ ನಡೆದುಕೊಂಡು ಹೋಗುವುದೇ?

ಅಷ್ಟರಲ್ಲಿ ಇನ್ನೊಂದು ಚಿಂತೆ ಬಂತು. ಗೊರಸಿಗೆ ಕಲ್ಲು ಚುಚ್ಚಿದ್ದರಿಂದ ಗುಡುಗನ್ನು ಕೆಲವು ದಿನ ಕಟ್ಟಿಯೇ ಹಾಕಿದ್ದರು. ಚಳಿಗೆ ತೊಟ್ಟಿಯ ನೀರು ಕೊರೆಯುತ್ತಿತ್ತು; ಅದು ಮೂತಿ ತಾಗಿಸಿ ಹಿಂದೆ ಸರಿಯುತ್ತಿತ್ತು. ಅಂಗಡಿಯಿಂದ ಬಂದ ಹೊಸ ಹುಲ್ಲೋ ಒಣಗಿ ಕಡ್ಡಿಯಾಗಿತ್ತು. ಒಂದು ಬೆಳಿಗ್ಗೆ ಮಾವ ಹೋಗಿ ನೋಡಿದರೆ ಗುಡುಗು ಮೇವು ಮುಟ್ಟಿಲ್ಲ. ಮತ್ತೆ ಮತ್ತೆ ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದೆ. ನೆಲದ ಮೇಲೆ ಲದ್ದಿಯೂ ಇಲ್ಲ.

ಕುದುರೆ ಡಾಕ್ಟರು ಬಂದು ಅದರ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಹೊಟ್ಟೆಯಲ್ಲಿ ಗುಡುಗುಡು ಅನ್ನಬೇಕಿತ್ತು. ಸದ್ದೇ ಇಲ್ಲ. ಮಲ ಕಟ್ಟಿದೆ,” ಎಂದರು. ಮೂಗಿನಿಂದ ಕೊಳವೆ ಇಳಿಸಿ ನೀರು, ಔಷಧಿ ಕೊಟ್ಟರು. “ಮೇವು ಹಾಕಬೇಡಿ. ಮೆಲ್ಲಗೆ ನಡೆಸ್ತಾ ಇರಿ. ಸಂಜೆ ಬಂದು ನೋಡ್ತೀನಿ.”

ಮಾವ ನಡೆಸಿದರು. ಅಂಗಳದ ಸುತ್ತ ಗುಡುಗು, ಅದರ ಪಕ್ಕದಲ್ಲಿ ಮಾವ. ಊಟದ ಹೊತ್ತು ಮೀರಿತು. ಮಾವ ಮನೆಗೆ ಬರದಿದ್ದದ್ದು ನೋಡಿ ಅಂದು ರಜೆಯಲ್ಲಿದ್ದ ಸೊಸೆಯೇ ಬುತ್ತಿ ಹಿಡಿದು ಬಂದಳು.

“ಇವಳಿಗೆ ಹೀಗಿರುವಾಗ ನನಗೆ ಅನ್ನ ಇಳಿಯುತ್ತೇನಮ್ಮ?”

“ಸರಿ, ನಾನೂ ನಿಮ್ಮ ಜೊತೆ ನಡೀತೀನಿ,” ಎಂದು ಸೊಸೆ ಕುದುರೆಯ ಆಚೆ ಬದಿಗೆ ಬಂದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು, “ಮಾವ, ಇದಕ್ಕೆ ಯಾಕೆ ಹೀಗಾಯ್ತು?”

ಕುದುರೆಯ ವಿಷಯ ಕೇಳಿದರೆ ಮಾವನಿಗೆ ಹಸಿವೂ ಮರೆಯುತ್ತಿತ್ತು. “ಹೊಟ್ಟೆ ಅನ್ನೋದು ಗಾಣದ ಥರ, ತಿರುಗ್ತಾ ಇರಬೇಕು ನೋಡಮ್ಮ. ಮೇವಲ್ಲಿ ನಾರಿರಬೇಕು, ನಾರಿಗೆ ನೀರು ಸೇರಬೇಕು. ನೀರು ಕುಡೀಲಿಲ್ಲ ಅಂದ್ರೆ ತಿಂದಿದ್ದೆಲ್ಲ ಒಣಗಿ ಒಳಗೇ ಕೂತ್ಕೊಳ್ಳುತ್ತೆ.”

“ಮನೆಯಿಂದ ಹೊಟ್ಟು ತರ್ತೀರಲ್ಲ, ಅದನ್ನ ಒಣದೇ ಹಾಕ್ತೀರಾ?”

“ಛೆ ಛೆ! ಬಿಸಿನೀರಲ್ಲಿ ಕಲಸಿ ಗಂಜಿ ಥರ ಮಾಡಿ ಕೊಡ್ತೀನಿ. ಒಣದು ಹಾಕಿದ್ರೆ ಇರೋ ನೀರನ್ನೂ ಅದೇ ಹೀರ್ಕೊಂಡುಬಿಡುತ್ತೆ.”

“ಯಾರಾದ್ರೂ ದಿನಾ ಹೊಟ್ಟು ತೆಗೆದ ಮೇವನ್ನೇ ತಿಂತಿದ್ರೆ? ಹಸಿರು ಸೊಪ್ಪು ಪಕ್ಕಕ್ಕೆ ತಳ್ಳಿ, ನೀರಿನ ಬದಲು ಚಹಾ ಕುಡೀತಿದ್ರೆ?”

“ಅಂಥ ಕುದುರೆ ಹೊಟ್ಟೆ ಕಟ್ಟದೆ ಇನ್ನೇನಾಗುತ್ತೆ! ಅದನ್ನ ಸಾಕಿದವನಿಗೆ ಬುದ್ಧಿ ಇಲ್ಲ ಅಂತೀನಿ.” ಮಾವ ಎರಡು ಹೆಜ್ಜೆ ಮುಂದೆ ಹೋಗಿ ಥಟ್ಟನೆ ನಿಂತರು. “ಕುದುರೆ ಚಹಾ ಎಲ್ಲಿ ಕುಡಿಯುತ್ತೆ?”

ಸೊಸೆ ಗುಡುಗಿನ ಜೂಲನ್ನು ಸವರುತ್ತ ಅವರ ಮುಖ ನೋಡಿದಳು.

ಮಾವ ನೆಲ ನೋಡಿದರು. ಕಿವಿ ಬಿಸಿಯಾಯಿತು. “ಇದು ಸೊಸೆ ಹತ್ತಿರ ಆಡೋ ಮಾತೇನಮ್ಮ?”

“ಮಾವ, ಆಸ್ಪತ್ರೆಯಲ್ಲಿ ನನ್ನ ಹತ್ತಿರ ಬರೋರು ಅರ್ಧ ಜನ ಇದೇ ಮಾತಾಡ್ತಾರೆ. ಹೊಟ್ಟೆ ಎಲ್ಲರಿಗೂ ಇದೆ. ನಾಚಿಕೆ ಯಾಕೆ? ನಿಮಗೆ ನೋವಿದೆ ತಾನೆ?”

“ಇದೆ,” ಎಂದರು ಮಾವ. ಎಷ್ಟೋ ದಿನದಿಂದ ಗಂಟಲಲ್ಲೇ ಇದ್ದ ಮಾತು ಹೊರಬಂತು. “ಜೀನಿನ ಮೇಲೆ ಕೂರೋಕೆ ಆಗಲ್ಲ. ಮೊಣಕಾಲು ಅಂತ ಸುಳ್ಳು ಹೇಳ್ತಿದ್ದೀನಿ. ಮಗು ಸವಾರಿ ದಿನ ಏನು ಮಾಡೋದೋ ಗೊತ್ತಾಗ್ತಿಲ್ಲ.”

“ಇನ್ನೂ ಸಮಯ ಇದೆ ಮಾವ. ನಾಳೆನೇ ಡಾಕ್ಟರಿಗೆ ತೋರಿಸೋಣ. ಆಮೇಲೆ ಊಟದ ವಿಷಯ ನಂಗೆ ಬಿಡಿ.”

ಆಗ ಗುಡುಗು ನಿಂತಿತು. ಅದರ ಹೊಟ್ಟೆಯೊಳಗೆ ದೂರದಲ್ಲೆಲ್ಲೋ ಗಾಡಿ ಉರುಳಿದಂಥ ಸದ್ದಾಯಿತು. ಬಾಲ ಮೇಲೆದ್ದಿತು. ದಪ್ಪ್, ದಪ್ಪ್ ಎಂದು ಲದ್ದಿ ಬಿತ್ತು.

“ಹಾಕಿದಳು!” ಮಾವ ಚಪ್ಪಾಳೆ ತಟ್ಟಿದರು. “ಹಾಕಿದಳಮ್ಮ, ನನ್ನ ಬಂಗಾರಿ!” ಸೊಸೆಯೂ ಚಪ್ಪಾಳೆ ತಟ್ಟಿದಳು. ಅಂಗಳದಾಚೆ ಹೋಗುತ್ತಿದ್ದವರು ಲದ್ದಿಯ ಮುಂದೆ ನಿಂತು ಕುಣಿಯುತ್ತಿದ್ದ ಮಾವ-ಸೊಸೆಯನ್ನು ನೋಡಿ ಬೆರಗಾದರು. ಆಮೇಲೆ ಮಾವ ಬುತ್ತಿ ಬಿಚ್ಚಿ, ಅದರಲ್ಲಿದ್ದ ಸೊಪ್ಪನ್ನೂ ಬಿಡದೆ ತಿಂದರು.

ಮರುದಿನ ಡಾಕ್ಟರು ಪರೀಕ್ಷೆ ಮಾಡಿ, ರಕ್ತವನ್ನೂ ನೋಡಿದರು. “ಹೆದರೋ ಅಂಥದ್ದೇನಿಲ್ಲ. ಮಲ ಗಟ್ಟಿಯಾಗಿ ನೋವಾಗಿದೆ, ಅಷ್ಟೆ. ಕೊಲೆಸ್ಟರಾಲ್ ಸ್ವಲ್ಪ ಏರಿದೆ. ಮೊದಲು ಊಟ ಸರಿಮಾಡಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ,” ಎಂದರು.

ಇನ್ನು ಮಾವನ ಊಟಕ್ಕೂ ಹೊಟ್ಟು ಸೇರಬೇಕು ಎಂದಳು ಸೊಸೆ. ಸರಿ, ಮಾವ ಟೊಂಕ ಕಟ್ಟಿ ನಿಂತರು. ಮಾಡುವುದನ್ನು ಅರೆಬರೆ ಮಾಡುವ ಜಾಯಮಾನ ಅವರದಲ್ಲ. ಸೊಸೆ ಕೆಲಸಕ್ಕೆ ಹೋದದ್ದೇ ತಡ, ಹೊಟ್ಟಿನ ಚೀಲಕ್ಕೆ ಕೈ ಹಾಕಿ ದೊಡ್ಡ ಬಟ್ಟಲು ತುಂಬ ತೆಗೆದು, ಸಕ್ಕರೆ ಉದುರಿಸಿ, ಕಣ್ಣು ಮುಚ್ಚಿ ಮುಕ್ಕಿಬಿಟ್ಟರು. ಮೇಲೆ ಒಂದು ಲೋಟ ಚಹಾ.

ಸಂಜೆ ಹೊತ್ತಿಗೆ ಹೊಟ್ಟೆ ತಮಟೆಯಾಗಿತ್ತು. ಮಂಚದ ಮೇಲೆ ಹೊರಳುತ್ತ ನರಳಿದರು. ನಡುನಡುವೆ ಬೇರೆ ಸದ್ದುಗಳೂ ಬಂದವು. ಮೊಮ್ಮಗಳು ಮೂಗು ಹಿಡಿದುಕೊಂಡು ಕಿಸಿಕಿಸಿ ನಗುತ್ತ ಓಡಿಹೋದಳು.

“ಎಲ್ಲ ಮೋಸ!” ಎಂದರು ಮಾವ, ಸೊಸೆ ಬಂದ ತಕ್ಷಣ. “ನಿನ್ನ ಹೊಟ್ಟು ನನ್ನ ಹೊಟ್ಟೆ ಕೆಡಿಸ್ತು.”

“ಎಷ್ಟು ತಿಂದ್ರಿ?”

ಹೆಂಡತಿ ಬಟ್ಟಲು ತಂದು ತೋರಿಸಿದರು. ಸೊಸೆ ತಲೆ ಮೇಲೆ ಕೈ ಇಟ್ಟುಕೊಂಡಳು.

“ಮಾವ, ಗುಡುಗಿಗೆ ಹೊಸ ಮೇವು ಹೇಗೆ ಅಭ್ಯಾಸ ಮಾಡಿಸ್ತೀರಿ?”

“ಮೊದಲು ಒಂದು ಹಿಡಿ. ಆಮೇಲೆ ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ...” ಮಾತು ಅರ್ಧಕ್ಕೇ ನಿಂತಿತು.

“ಹ್ಞೂಂ, ಹೇಳಿ.”

“ನೀರಲ್ಲಿ ನೆನೆಸಿ,” ಎಂದು ಮಾವ ಗೊಣಗಿದರು.

ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಕುದುರೆಗಿರೋ ಭಾಗ್ಯ ನನ್ನ ಗಂಡನಿಗಿಲ್ಲ.”

ಅಂದಿನಿಂದ ಅಳತೆ ಸೊಸೆಯ ಕೈಗೆ ಬಂತು. ದಿನಕ್ಕೆ ಒಂದೇ ಚಮಚ ಹೊಟ್ಟು, ಅದೂ ಗಂಜಿಗೋ ಮೊಸರಿಗೋ ಕಲಸಿ. ಜೊತೆಗೆ ಒಂದು ದೊಡ್ಡ ಲೋಟ ನೀರು. ಮೈಗೆ ಒಗ್ಗಿದ ಮೇಲೆ ಎರಡು ಚಮಚ. ಲಾಯದಲ್ಲೂ ಒಂದು ನೀರಿನ ಬಾಟಲಿ ಮಾವನ ಕಣ್ಣೆದುರು ತೂಗಾಡತೊಡಗಿತು. ಕುದುರೆಗಳು ನೀರು ಕುಡಿದಾಗಲೆಲ್ಲ ತಾವೂ ಕುಡಿಯುವುದೆಂದು ಮಾವ ತಮಗೆ ತಾವೇ ನಿಯಮ ಹಾಕಿಕೊಂಡರು.

ಹೆಂಡತಿಯನ್ನು ಒಪ್ಪಿಸುವುದು ಮಾತ್ರ ಸುಲಭವಾಗಿರಲಿಲ್ಲ. “ಜರಡಿ ಹಿಡೀದೆ ರೊಟ್ಟಿ ಮಾಡೋದಾ? ಕಂದು ರೊಟ್ಟಿ ನೋಡಿ ನೆಂಟರು ನಗ್ತಾರೆ.”

“ಅತ್ತೆ, ಗೋಧಿ ಕಾಳಿನ ಮೇಲಿನ ಪದರವೇ ಈ ಹೊಟ್ಟು. ತೌಡು ಅಂತಾರಲ್ಲ, ಅದೇ. ನಾರೆಲ್ಲ ಹೆಚ್ಚಾಗಿ ಅಲ್ಲೇ ಇರೋದು. ಕಬ್ಬಿಣ, ಮೆಗ್ನೀಸಿಯಂ, ಬಿ ಗುಂಪಿನ ವಿಟಮಿನ್ನು ಕೂಡ. ಅದನ್ನ ಜರಡಿ ಹಿಡಿದು ತೆಗೆದ್ರೆ ಉಳಿಯೋದು ಬರೀ ಬಿಳುಪು.”

“ಓಟ್ಸಲ್ಲೂ ಅದೇ ಇರೋದು ತಾನೆ? ಎರಡೂ ಯಾಕೆ?”

“ಓಟ್ಸಿನ ನಾರು ಬೇರೆ ಥರ ಅತ್ತೆ. ಗಂಜಿ ಲೋಳೆ ಲೋಳೆ ಆಗುತ್ತಲ್ಲ, ಅದಕ್ಕೆ ಆ ನಾರೇ ಕಾರಣ. ಅದು ರಕ್ತದಲ್ಲಿರೋ ಕೆಟ್ಟ ಕೊಬ್ಬು ಇಳಿಸೋಕೆ ಸಹಾಯ ಮಾಡುತ್ತೆ. ಸಕ್ಕರೆ ಒಂದೇ ಸಲ ಏರದ ಹಾಗೆ ನೋಡ್ಕೊಳ್ಳುತ್ತೆ. ಬೇಗ ಹಸಿವಾಗಲ್ಲ, ಸ್ವಲ್ಪ ಪ್ರೋಟೀನೂ ಸಿಗುತ್ತೆ. ಗೋಧಿ ಹೊಟ್ಟಿನ ನಾರು ಅಷ್ಟಾಗಿ ಕರಗಲ್ಲ. ನೀರು ಹಿಡ್ಕೊಂಡು ಉಬ್ಬಿ, ಕರುಳಲ್ಲಿರೋದನ್ನ ಮುಂದಕ್ಕೆ ತಳ್ಳುತ್ತೆ. ಒಂದು ಒಳಗೆ ಕಾಪಾಡುತ್ತೆ, ಇನ್ನೊಂದು ಗುಡಿಸುತ್ತೆ ಅಂದ್ಕೊಳ್ಳಿ.”

ಮಾವನ ಸಮಸ್ಯೆ ರುಚಿಯದು. “ಪುಣ್ಯ ಬರುತ್ತೆ ಅಂದ್ರೂ ಈ ಸಪ್ಪೆ ಅಂಟು ನಂಗೆ ಇಳಿಯಲ್ಲ,” ಎಂದು ಹಾಲಿನ ಗಂಜಿಯನ್ನು ಚಮಚದಲ್ಲಿ ಎತ್ತಿ ಎತ್ತಿ ಬಿಡುತ್ತಿದ್ದರು. ಆಗ ಹೆಂಡತಿಯ ಕೈ ಸುಮ್ಮನಿರಲಿಲ್ಲ. ರುಚಿಯ ಮಾತು ಬಂದರೆ ಅದು ಆಕೆಯ ಸಾಮ್ರಾಜ್ಯ. ಓಟ್ಸನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದರು. ಈರುಳ್ಳಿ, ಕ್ಯಾರೆಟ್, ಬಟಾಣಿ ಬಾಡಿಸಿ, ನೀರು ಹೊಯ್ದು, ಉಪ್ಪು ಮೆಣಸಿನಪುಡಿ ಉದುರಿಸಿ, ಹುರಿದ ಓಟ್ಸ್ ಹಾಕಿ ಬೇಯಿಸಿದರು. ಮಾವ ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನೇ ಖಾಲಿ ಮಾಡಿದರು. ಆಮೇಲೆ ಬಟ್ಟಲು ಮುಂದೆ ಚಾಚಿದರು.

“ಇನ್ನೊಂದಿಷ್ಟು ಹಾಕೇ.”

ಆ ಮಾತು ಹೆಂಡತಿಗೆ ಬಹುಮಾನದಂತಾಯಿತು. ಮುಂದೆ ಆಕೆಯನ್ನು ತಡೆಯುವವರೇ ಇರಲಿಲ್ಲ. ತರಕಾರಿ ಸೂಪು ಗಟ್ಟಿಯಾಗಲು ಒಂದು ಹಿಡಿ ಓಟ್ಸ್. ಮೊಮ್ಮಗಳಿಗೆ ಬಾಳೆಹಣ್ಣು ಕಿವುಚಿ, ಓಟ್ಸ್ ಸೇರಿಸಿ ಬೇಯಿಸಿದ ಬಿಸ್ಕತ್ತು. ಜರಡಿಯನ್ನು ಪಕ್ಕದ ಮನೆಯಾಕೆ ಮರಳು ಸೋಸಲು ಕೇಳಿದಾಗ “ತಗೊಂಡು ಹೋಗು, ವಾಪಸ್ ತರೋ ಅವಸರ ಇಲ್ಲ” ಎಂದುಬಿಟ್ಟರು. ಕಂದು ರೊಟ್ಟಿ ಮೊದಮೊದಲು ಒರಟಾಯಿತು. ಹಿಟ್ಟಿಗೆ ನೀರು ಸ್ವಲ್ಪ ಹೆಚ್ಚು ಹಾಕಿ, ಕಲಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಅದೂ ಮೆತ್ತಗೆ ಬಂತು. ನಗಬೇಕಾಗಿದ್ದ ನೆಂಟರು ಬಂದು ತಿಂದು, ಹೇಗೆ ಮಾಡಿದ್ರಿ ಎಂದು ಕೇಳಿಕೊಂಡು ಹೋದರು.

ಒಂದು ಬೆಳಿಗ್ಗೆ ಮಗ ಎಂದಿನಂತೆ ಟವೆಲ್ ಹೊದ್ದು, ಬಾಗಿಲ ಮುಂದೆ ಗೋಡೆಗೊರಗಿ ಇನ್ನೊಂದು ಕಂತು ನಿದ್ದೆಗೆ ಸಿದ್ಧನಾದ. ಇನ್ನೂ ಕಣ್ಣು ಮುಚ್ಚಿಲ್ಲ, ಬಾಗಿಲು ತೆರೆಯಿತು. ಮಾವ ಸಿಳ್ಳೆ ಹಾಕುತ್ತ ಹೊರಗೆ ಬಂದರು.

“ಏನಪ್ಪಾ, ಹೋಗಲೇ ಇಲ್ವಾ?”

“ಹೋಗಿ ಬಂದಾಯ್ತು ಕಣೋ! ನೀನೇನು, ನಿಂತ್ಕೊಂಡೇ ನಿದ್ದೆ ಮಾಡ್ತೀಯಾ? ನಮ್ಮ ಲಾಯದಲ್ಲಿ ಜಾಗ ಇದೆ, ಬಾ.”

ಅಡುಗೆಮನೆಯಿಂದ ಹೆಂಡತಿ, ಕೋಣೆಯಿಂದ ಸೊಸೆ ಇಣುಕಿದರು. ಮಾವ ಯಾರ ಮುಖವನ್ನೂ ನೋಡದೆ, ಆದರೆ ರಾಜನ ಗತ್ತಿನಲ್ಲಿ, ತಿಂಡಿಗೆ ಹೋಗಿ ಕೂತರು. ಮನೆಯವರ ನಗು ಬೀದಿಯವರೆಗೆ ಕೇಳಿಸಿತು.

ಚಳಿ ಇಳಿಯಿತು. ಸವಾರಿಯ ದಿನ ಶಾಲೆಯ ಬಯಲಿನ ಸುತ್ತ ಜನವೋ ಜನ. ಗುಡುಗಿನ ಮೈ ಉಜ್ಜಿ ಉಜ್ಜಿ ಮಿಂಚುತ್ತಿತ್ತು. ಮಾವ ಜೀನು ಬಿಗಿದು, ರಿಕಾಪಿಗೆ ಕಾಲು ಕೊಟ್ಟು, ಒಂದು ಕ್ಷಣ ತಡೆದರು. ನೋವಿನ ನೆನಪು ಇನ್ನೂ ಮೈಯಲ್ಲಿತ್ತು. ಆಮೇಲೆ ಉಸಿರು ಹಿಡಿದು ಮೇಲೆ ಹಾರಿ ಕೂತರು. ಕಾದರು. ಎಲ್ಲೂ ಮುಳ್ಳು ಚುಚ್ಚಲಿಲ್ಲ. ಜೀನು ಜೀನಿನಂತೆಯೇ ಇತ್ತು.

“ಏನು ಮಾವ, ಮೊಣಕಾಲು ಹೇಗಿದೆ?” ಒಡತಿ ಕೇಳಿದರು.

“ಅದಕ್ಕೇನಾಗಿದೆ ತಾಯಿ? ಅದು ಯಾವತ್ತೂ ಚೆನ್ನಾಗೇ ಇತ್ತು!”

ಹಿಂದೆ ಗಿಡ್ಡ ಕುದುರೆಯ ಮೇಲೆ ಮೊಮ್ಮಗಳು, ಟೋಪಿ ಕಣ್ಣಿಗೆ ಜಾರುತ್ತಿದ್ದರೂ ಲಗಾಮು ಬಿಡದೆ, “ತಾತಾ, ಜೋರಾಗಿ ಹೋಗೋಣ!” ಎಂದು ಕೂಗಿದಳು. ಹೆಂಡತಿ, ಮಗ, ಸೊಸೆ ಬೇಲಿಯ ಪಕ್ಕ ನಿಂತು ಕೈ ಬೀಸಿದರು. ಮಾವ ಬೆನ್ನು ನೇರ ಮಾಡಿ, ಹಿಮ್ಮಡಿ ತಾಗಿಸಿದರು. ಗುಡುಗು ನಾಗಾಲೋಟ ಹೊಡೆಯುವ ಕುದುರೆಯಲ್ಲ. ಆದರೂ ಅಂದು ಮಕ್ಕಳ ಸಾಲನ್ನು ಹಿಂದೆ ಕಟ್ಟಿಕೊಂಡು ಟಕ್ ಟಕ್ ಎಂದು ಬಯಲು ಪೂರ್ತಿ ಸುತ್ತಿತು. ಮಾವ ದಾರಿಯುದ್ದಕ್ಕೂ ಜೋರು ದನಿಯಲ್ಲಿ ಹಾಡಿದರು. ರಾಗ ಅವರದೇ, ತಾಳ ಕುದುರೆಯದು.

ಮುಂದೆ ಡಾಕ್ಟರು ಮತ್ತೆ ರಕ್ತ ನೋಡಿದಾಗ ಕೊಲೆಸ್ಟರಾಲ್ ಕೂಡ ಒಂದಿಷ್ಟು ಇಳಿದಿತ್ತು. “ಹೀಗೇ ನಡೆಸಿ,” ಎಂದರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ನಕ್ಕಿರಿ ತಾನೆ? ಈಗ ನಿಮ್ಮ ಮನೆಯ ತಟ್ಟೆಯ ಕಡೆ ಒಂದು ಸಲ ನೋಡಿ. ಗೋಧಿಯ ಹೊಟ್ಟನ್ನು ಜರಡಿ ಹಿಡಿದು ಹೊರಗೆ ಹಾಕಬೇಡಿ. ಬೇರೆಯಾಗಿ ತಿನ್ನುವುದಾದರೆ ಅಂಗಡಿಯಲ್ಲಿ ಮನುಷ್ಯರ ಊಟಕ್ಕೆಂದೇ ಮಾರುವ ಶುದ್ಧ ಹೊಟ್ಟನ್ನು ಕೇಳಿ ಕೊಳ್ಳಿ. ಒಂದು ಚಮಚದಿಂದ ಶುರುಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಓಟ್ಸ್ ಕೊಳ್ಳುವಾಗ ಸಕ್ಕರೆ ಬೆರೆಸಿದ ಬಣ್ಣದ ಪೊಟ್ಟಣ ಬಿಟ್ಟು ಬರೀ ಓಟ್ಸ್ ತನ್ನಿ. ನಿಮ್ಮ ನಾಲಿಗೆಗೆ ಒಗ್ಗುವಂತೆ ಉಪ್ಪೋ ಸಿಹಿಯೋ ನೀವೇ ಮಾಡಿಕೊಳ್ಳಿ. ಸೊಪ್ಪು, ತರಕಾರಿ, ಹಣ್ಣು ಇದ್ದೇ ಇರಲಿ. ಗೋಧಿ ಆಗದವರು, ಕರುಳಿನ ತೊಂದರೆ ಇರುವವರು, ನೀರು ಕಡಿಮೆ ಕುಡಿಯಬೇಕೆಂದು ಡಾಕ್ಟರು ಹೇಳಿರುವವರು ಮೊದಲು ಡಾಕ್ಟರನ್ನು ಕೇಳಿ. ನುಂಗುತ್ತಿರುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ನೋವು ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಹೇಳಿಕೊಳ್ಳಲಾಗದೆ ಒಳಗೊಳಗೇ ಒದ್ದಾಡುತ್ತಿರಬಹುದು. ಅವರಾಗಿ ಹೇಳಲಿ ಎಂದು ಕಾಯಬೇಡಿ. ಇವತ್ತೇ ಪಕ್ಕದಲ್ಲಿ ಕೂತು, ಮೆಲ್ಲಗೆ ನೀವೇ ಕೇಳಿ.